ರ‍್ಯಾಕ್‌ಎಫ್ ರೀಸ್ಟಾರ್ಟ್ ಮಾಡಿದರೆ ಎಲ್ಲರ ಲಾಗಿನ್ ನಿಂತುಹೋಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನಿಂದ ನ್ಯೂಯಾರ್ಕ್ ಕ್ಲೈಂಟ್‌ನ ಜೆಡ್‌ಓಎಸ್ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ನೋಡಿಕೊಳ್ಳುತ್ತೇವೆ. ಭಾನುವಾರ ರ‍್ಯಾಕ್‌ಎಫ್ (ಲಾಗಿನ್, ಅನುಮತಿ ನೋಡಿಕೊಳ್ಳುವ ಅದರ ಭದ್ರತಾ ಸಾಫ್ಟ್‌ವೇರ್) ನಿಲ್ಲಿಸಿ ಮತ್ತೆ ಶುರು ಮಾಡಬೇಕಂತೆ. ಬ್ಯಾಚ್ ಓಡುತ್ತಿರುವಾಗಲೇ ಮಾಡಬಹುದೇ?

ಮಾಡಬಹುದು. ಆದರೆ ನಿಲ್ಲಿಸುತ್ತಿರುವುದು ಏನನ್ನು ಎಂಬುದು ಮೊದಲು ಖಚಿತವಾಗಲಿ. ಕನ್ಸೋಲ್‌ನಲ್ಲಿ ಕಾಣುವ ‘ರ‍್ಯಾಕ್‌ಎಫ್’ ಅಡ್ರೆಸ್ ಸ್ಪೇಸ್ (ಪ್ರೋಗ್ರಾಮ್ ಓಡುವ ಪ್ರತ್ಯೇಕ ಮೆಮೊರಿ ಜಾಗ) ಬೇರೆ, ಅನುಮತಿ ಪರೀಕ್ಷಿಸುವ ರ‍್ಯಾಕ್‌ಎಫ್ ಬೇರೆ. ಪರೀಕ್ಷೆ ನಡೆಯುವುದು ಕೇಳಿದ ಜಾಬ್‌ನ ಅಡ್ರೆಸ್ ಸ್ಪೇಸ್‌ನಲ್ಲೇ, ಡೇಟಾಬೇಸ್ ನೋಡಿಕೊಂಡು. ಅಡ್ರೆಸ್ ಸ್ಪೇಸ್ ಇಳಿಸಿದರೆ ನಿಲ್ಲುವುದು ಬೇರೆ ನೋಡ್‌ಗಳಿಗೆ (ಜೋಡಿಸಿರುವ ಇತರ ಸಿಸ್ಟಮ್‌ಗಳಿಗೆ) ಪಾಸ್‌ವರ್ಡ್, ಕಮ್ಯಾಂಡ್ ಕಳಿಸುವ ಆರ್‌ಆರ್‌ಎಸ್‌ಎಫ್, ಕನ್ಸೋಲ್‌ನಿಂದ ಕೊಡುವ ರ‍್ಯಾಕ್‌ಎಫ್ ಕಮ್ಯಾಂಡ್, ಇಂಥವು.

ನಿಜವಾದ ಅಪಾಯ ‘ಆರ್‌ವ್ಯಾರಿ ಇನ್‌ಆಕ್ಟಿವ್’ ಕಮ್ಯಾಂಡ್. ಅದು ಡೇಟಾಬೇಸನ್ನೇ ಕಳಚಿ ಸಿಸ್ಟಮ್ಮನ್ನು ಫೇಲ್‌ಸಾಫ್ಟ್‌ಗೆ, ಅಂದರೆ ಡೇಟಾಬೇಸ್ ಇಲ್ಲದೆ ನಡೆಯುವ ತುರ್ತು ಸ್ಥಿತಿಗೆ, ತಳ್ಳುತ್ತದೆ. ಆಮೇಲೆ ಡೇಟಾಸೆಟ್ (ಫೈಲ್) ತೆರೆಯಲು ಬಿಡಲೇ, ಬೇಡವೇ ಎಂದು ಕನ್ಸೋಲ್ ಆಪರೇಟರನ್ನೇ ಕೇಳತೊಡಗುತ್ತದೆ. ಬ್ಯಾಚ್ ಹೊತ್ತಿನಲ್ಲಿ ಆ ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸಲು ಯಾರಿಂದಲೂ ಆಗದು. ರೀಸ್ಟಾರ್ಟ್‌ಗೆ ಈ ಕಮ್ಯಾಂಡ್ ಬೇಕಿಲ್ಲ. ರನ್‌ಬುಕ್‌ನಲ್ಲಿ (ಕೆಲಸದ ಹಂತಗಳ ಕೈಪಿಡಿಯಲ್ಲಿ) ಬರೆದಿದ್ದರೆ ಬರೆದವರನ್ನು ವಿಚಾರಿಸದೆ ಮುಟ್ಟಬೇಡಿ.

ಒಂದೇ ನೋಡ್‌ನ ಸಂಪರ್ಕ ಸಿಕ್ಕಿಕೊಂಡಿದ್ದರೆ ಪೂರ್ತಿ ಇಳಿಸುವ ಅಗತ್ಯವೂ ಇಲ್ಲ. ಆ ನೋಡ್ ಹೆಸರು ಕೊಟ್ಟು ‘ರೀಸ್ಟಾರ್ಟ್ ಕನೆಕ್ಷನ್’ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಪೂರ್ತಿ ಮಾಡಲೇಬೇಕೆಂದರೆ, ಮೊದಲು ‘ಡಿ ಓಪಿಡೇಟಾ’ ಕೊಟ್ಟು ರ‍್ಯಾಕ್‌ಎಫ್ ಸಬ್‌ಸಿಸ್ಟಮ್‌ನ ಪ್ರಿಫಿಕ್ಸ್ (ಕಮ್ಯಾಂಡ್‌ನ ಮುಂದೆ ಹಾಕುವ ಗುರುತು) ತಿಳಿದುಕೊಳ್ಳಿ. ಅದು # ಆಗಿದ್ದರೆ ‘#ಟಾರ್ಗೆಟ್ ಲಿಸ್ಟ್’ ಕೊಟ್ಟು ಪ್ರತಿ ನೋಡ್‌ನ ಸ್ಥಿತಿಯನ್ನು ಕಾಪಿ ಮಾಡಿಟ್ಟುಕೊಳ್ಳಿ. ನೋಡ್‌ಗಳನ್ನು ಹೇಳುವ ಟಾರ್ಗೆಟ್ ಸಾಲುಗಳು ಐಆರ್‌ಆರ್‌ಓಪಿಟಿ ಎಂದು ಶುರುವಾಗುವ ಹೆಸರಿನ ಮೆಂಬರ್‌ನಲ್ಲಿ (ಸೆಟ್ಟಿಂಗ್ ಫೈಲ್) ಇವೆಯೇ, ಆ ಹೆಸರಿನ ಕೊನೆಯ ಎರಡಕ್ಷರ ರ‍್ಯಾಕ್‌ಎಫ್ ಶುರು ಮಾಡುವ ಪ್ರೊಸೀಜರ್‌ನ ಪಾರ್ಮ್‌ನಲ್ಲಿ ಇವೆಯೇ ನೋಡಿ. ಎಡವುವುದು ಬಹುಪಾಲು ಇಲ್ಲೇ: ಹಿಂದೆ ಯಾರೋ ಕನ್ಸೋಲ್‌ನಲ್ಲಿ ಕೈಯಿಂದ ಸೇರಿಸಿದ ನೋಡ್ ಮೆಂಬರ್‌ಗೆ ಬಂದಿರುವುದಿಲ್ಲ, ರೀಸ್ಟಾರ್ಟ್ ಆದಮೇಲೆ ಅದು ಮಾಯ. ‘ಆರ್‌ವ್ಯಾರಿ ಲಿಸ್ಟ್’ ಬರೀ ನೋಡುವ ಕಮ್ಯಾಂಡ್; ಪ್ರೈಮರಿ, ಬ್ಯಾಕಪ್ ಎರಡೂ ಆಕ್ಟಿವ್ ಇರಬೇಕು. ಬೇಕಾದ ಅಧಿಕಾರವಿರುವ ಐಡಿಯಲ್ಲಿ ಒಂದು ಟಿಎಸ್‌ಓ (ಟರ್ಮಿನಲ್ ಲಾಗಿನ್) ಸೆಷನ್ ತೆರೆದೇ ಇರಲಿ.

ಈಗ ‘#ಸ್ಟಾಪ್’. ‘ಡಿ ಎ,ರ‍್ಯಾಕ್‌ಎಫ್’ನಲ್ಲಿ ಹೆಸರು ಹೋಗುವವರೆಗೆ ಕಾಯಿರಿ, ಅವಸರಪಟ್ಟು ಕ್ಯಾನ್ಸಲ್ ಒತ್ತಬೇಡಿ. ಕಳಿಸದೆ ಉಳಿದ ಕೆಲಸ ಇನ್‌ಮೆಸೇಜ್, ಔಟ್‌ಮೆಸೇಜ್ ವೀಸ್ಯಾಮ್ ಫೈಲ್‌ಗಳಲ್ಲಿ ಭದ್ರವಾಗಿರುತ್ತದೆ. ಅವನ್ನು ಅಳಿಸಿ ಹೊಸದಾಗಿ ಮಾಡುವ ಗೋಜಿಗೆ ಹೋಗಬಾರದು. ಬಳಿಕ ‘ಎಸ್ ರ‍್ಯಾಕ್‌ಎಫ್,ಸಬ್=ಎಂಎಸ್‌ಟಿಆರ್’. ಆ ಸಬ್ ಭಾಗ ಬಿಡಬೇಡಿ, ಜೆಇಎಸ್ (ಜಾಬ್‌ಗಳನ್ನು ನಡೆಸುವ ಸಬ್‌ಸಿಸ್ಟಮ್) ಮೇಲೆ ಅವಲಂಬಿಸದೆ ಮಾಸ್ಟರ್ ಅಡಿಯಲ್ಲಿ ಶುರುವಾಗುವುದು ಅದರಿಂದಲೇ. ಎದ್ದಮೇಲೆ ಟಾರ್ಗೆಟ್ ಲಿಸ್ಟನ್ನು ಹಳೆಯ ಕಾಪಿ ಜೊತೆ ಸಾಲುಸಾಲಾಗಿ ಹೋಲಿಸಿ.

ಸಮಯದ ಲೆಕ್ಕವನ್ನೂ ಮಾಡಿಕೊಳ್ಳಿ. ಅಲ್ಲಿ ಶನಿವಾರ ಮುಗಿದು ಮಧ್ಯರಾತ್ರಿ 12 ಹೊಡೆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 9:30. ನವೆಂಬರ್‌ನಲ್ಲಿ ಅವರ ಗಡಿಯಾರ ಹಿಂದಕ್ಕೆ ಸರಿದಮೇಲೆ 10:30.

ಅಡ್ರೆಸ್ ಸ್ಪೇಸ್ ಮೇಲೇಳದಿದ್ದರೆ ಗಾಬರಿ ಬೇಡ, ಲಾಗಿನ್ ಮತ್ತು ಬ್ಯಾಚ್ ನಡೆಯುತ್ತಲೇ ಇರುತ್ತವೆ. ತೆರೆದಿಟ್ಟ ಸೆಷನ್‌ನಿಂದ ಪ್ರೊಸೀಜರ್‌ನ ಜೆಸಿಎಲ್ (ಅದನ್ನು ಶುರು ಮಾಡುವ ಸೂಚನೆಗಳು) ತಪ್ಪು ತಿದ್ದಿ ಮತ್ತೆ ಶುರು ಮಾಡಿ.