ಫಿಲ್ಮ್ ಆಮೇಲೆ ನೋಡೋಣ, ಮೊದಲು ಗುಂಡಿ ಹಾಕಿ

ಹುಬ್ಬಳ್ಳಿಯ ನನ್ನ ಓಪಿಡಿಗೆ ಬರುವವರು ಕೂರುವ ಮೊದಲೇ ಎಂಆರ್‌ಐ ಫಿಲ್ಮ್ ಚಾಚುತ್ತಾರೆ. 'ಕುತ್ತಿಗಿ ನರ ಎಷ್ಟು ಒತ್ತೈತ್ರೀ?' ನಾನು ಫಿಲ್ಮ್ ಪಕ್ಕಕ್ಕಿಟ್ಟು, ಅಂಗಿ ಗುಂಡಿ ಬಿಚ್ಚಿ ಮತ್ತೆ ಹಾಕಿ ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಅಷ್ಟು ದುಡ್ಡು ಕೊಟ್ಟು ತೆಗೆಸಿದ್ದನ್ನು ಡಾಕ್ಟರ್ ನೋಡಲೇ ಇಲ್ಲ ಅಂತ. ನೋಡ್ತೀನಿ ಮಾರಾಯ್ರೇ, ಆಮೇಲೆ.

ಹೋದ ಚಳಿಗಾಲ ಬ್ಯಾಡಗಿ ಕಡೆಯ ತಾಯಿಯೊಬ್ಬರನ್ನು ಮಗ ಕರೆತಂದಿದ್ದ. 'ರಿಪೋರ್ಟಿನ್ಯಾಗ ಮಾಡರೇಟ್ ಅಂತ ಬರದಾರ್ರೀ. ಭಾಳ ಏನಿಲ್ಲಲ್ರೀ?' ತಾಯಿಯದೂ ಅದೇ ರಾಗ. 'ಬ್ಯಾನಿ ಏನಿಲ್ರೀ. ರೊಟ್ಟಿ ಬಡಿಯಾಕ ಬರವಲ್ದು, ಅಷ್ಟ.'

ಅಷ್ಟೇ ಅಂತೆ! 40 ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಈಗ ಹಿಟ್ಟು ತಿರುಗಿಸುವಾಗ ಅಂಚು ಒಡೆಯುತ್ತಿತ್ತು. ಮುಷ್ಟಿ ಬಿಗಿದು ಬಿಚ್ಚಲು ಹೇಳಿದೆ. 10 ಸೆಕೆಂಡಿಗೆ ಸುಮಾರು 20 ಸಲ ಆಗಬೇಕು. ಅವರದು 9. ಒಳಗೆ ಬರುವಾಗ ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಮಿದುಳಿನಿಂದ ಕೈಕಾಲಿಗೆ ಹೋಗುವ ನರಗಳ ಕಟ್ಟೇ ಬೆನ್ನುಹುರಿ. ರಿಪೋರ್ಟಿನ 'ಮಾಡರೇಟ್' ಹೇಳುವುದು ಕುತ್ತಿಗೆಯಲ್ಲಿ ಆ ಹುರಿ ಇರುವ ಜಾಗ ಎಷ್ಟು ಇಕ್ಕಟ್ಟಾಗಿದೆ ಅನ್ನುವುದನ್ನು. ಹುರಿಯ ಕೆಲಸ ಎಷ್ಟು ಕೆಟ್ಟಿದೆ ಅಂತ ಕೈಕಾಲುಗಳೇ ಹೇಳಬೇಕು. ಫಿಲ್ಮಿನಲ್ಲಿ ಒತ್ತಡ ಜಾಸ್ತಿ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಅದಕ್ಕೇ ನಾವು 18 ಅಂಕದ ಲೆಕ್ಕ ಇಟ್ಟುಕೊಂಡಿದ್ದೇವೆ. ಕೈ ಕೆಲಸಕ್ಕೆ 5, ನಡಿಗೆಗೆ 7, ಕೈ ಸ್ಪರ್ಶಕ್ಕೆ 3, ಮೂತ್ರದ ಹಿಡಿತಕ್ಕೆ 3. ಶಾಲೆಯ ಹಾಗೇ, ಅಂಕ ಇಳಿದಷ್ಟೂ ಕಷ್ಟ. 15ರಿಂದ 17 ಬಂದರೆ ಕಾಯಿಲೆ ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಕಡಿಮೆ ಬಂದರೆ ತೀವ್ರ. ಮಧ್ಯಮ, ತೀವ್ರ ಹಂತಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಸಲಹೆ. ಸೌಮ್ಯ ಇದ್ದರೆ ಕೆಲವರನ್ನು ನಿಗಾ ಇಟ್ಟು ಕಾಯಬಹುದು.

ನೋವಿಲ್ಲ ಅನ್ನುವುದಕ್ಕೆ ಈ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ, ಗಮನಿಸಿದ್ರಾ? ಹಾಗಂತ ಕೈ ಜೋಮು ಹಿಡಿದ ಕೂಡಲೇ ಕುತ್ತಿಗೆಯದ್ದೇ ಅಂತ ಹೆದರಬೇಡಿ. ಸಕ್ಕರೆ ಕಾಯಿಲೆ ಇರಬಹುದು, ಮಣಿಕಟ್ಟಿನ ನರ ಇರಬಹುದು. ಮುಟ್ಟಿ ನೋಡದೆ ಯಾರೂ ಹೇಳಲಾಗದು.

ಆ ತಾಯಿಗೆ ಗುಂಡಿ ಹಾಕುವುದು ಬಹಳ ಕಷ್ಟವಾಗಿತ್ತು: 3. ಮೆಟ್ಟಿಲಿಗೆ ಕಂಬಿ ಹಿಡಿಯಲೇಬೇಕು: 4. ಸ್ಪರ್ಶಕ್ಕೆ 2. ಮೂತ್ರದ ವಿಷಯ ಕೇಳಿದಾಗ ಮಗನ ಕಡೆ ನೋಡಿ ಸುಮ್ಮನಾದರು. ಅವನನ್ನು ಹೊರಗೆ ಕಳಿಸಿದೆ. 'ಒಮ್ಮೊಮ್ಮೆ ತಡಿಯಾಕ ಆಗಂಗಿಲ್ರೀ' ಅಂದರು. ಅಲ್ಲಿಗೆ 2. ಒಟ್ಟು 11.

ಮಗ ಒಳಗೆ ಬಂದವನೇ, 'ಯವ್ವಾ, ಮೊದಲ ಯಾಕ ಹೇಳಲಿಲ್ಲ?' ಅಂದ.

'ನೀ ಬ್ಯಾನಿ ಐತೇನು ಅಂತಷ್ಟ ಕೇಳತಿದ್ದಿ.'