ಇಳಿಯುವ ವೇಗ ಸ್ವಲ್ಪ ತಪ್ಪಿದರೆ ಏನಾಗುತ್ತದೆ?

ಪ್ರಶ್ನೆ: ಸಮುದ್ರದ ನೀರಿನ ಕಲಕಾಟ ಅಳೆಯುವ ಶಿಯರ್ ಪ್ರೋಬ್‌ನ ಡೇಟಾದಿಂದ ಎಪ್ಸಿಲಾನ್ (ಆ ಕಲಕಾಟದ, ಅಂದರೆ ಟರ್ಬುಲೆನ್ಸ್‌ನ, ಶಕ್ತಿ ಶಾಖವಾಗಿ ಕರಗುವ ದರ) ಲೆಕ್ಕ ಹಾಕುವಾಗ, ಪ್ರೊಫೈಲರ್ (ಪ್ರೋಬ್ ಹೊತ್ತು ನೀರಿನೊಳಗೆ ಇಳಿಯುವ ಉಪಕರಣ) ಸೆಕೆಂಡಿಗೆ 0.7 ಮೀಟರ್ ಇಳಿಯುತ್ತದೆ ಎಂದೇ ಇಟ್ಟುಕೊಳ್ಳಬಹುದಾ? ಹತ್ತು ಪರ್ಸೆಂಟ್ ಆಚೀಚೆ ಆದರೆ ಉತ್ತರವೂ ಅಷ್ಟೇ ತಾನೇ ಆಚೀಚೆ ಆಗೋದು?

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಆದರೂ ಈ ನಂಬಿಕೆ ಹೋಗುತ್ತಲೇ ಇಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಪ್ರೋಬ್‌ನ ತುದಿಯಲ್ಲಿ ಚಿಕ್ಕ ರಬ್ಬರ್ ಮೂತಿ, ಒಳಗೆ ಪೀಜೋ ಸೆರಾಮಿಕ್ ಪಟ್ಟಿ. ಅಡ್ಡ ಬಂದ ನೀರು ಮೂತಿಯನ್ನು ತಳ್ಳುತ್ತದೆ, ಪಟ್ಟಿ ಬಾಗುತ್ತದೆ, ವೋಲ್ಟೇಜ್ ಹುಟ್ಟುತ್ತದೆ. ಅಡ್ಡ ನೀರು ಅಷ್ಟೇ ಇದ್ದು ಪ್ರೋಬ್ ಎರಡು ಪಟ್ಟು ವೇಗವಾಗಿ ಇಳಿದರೆ ವೋಲ್ಟೇಜೂ ಎರಡು ಪಟ್ಟು. ಹಾಗಾಗಿ ಒಂದು ಸಲ ವೇಗದಿಂದ ಭಾಗಿಸಬೇಕು. ಇನ್ನು, ನಮಗೆ ಬೇಕಿರುವುದು ಅಡ್ಡ ನೀರಿನ ವೇಗ ಸೆಕೆಂಡಿಗೆ ಎಷ್ಟು ಬದಲಾಯಿತು ಅನ್ನುವುದಲ್ಲ, ಮೀಟರಿಗೆ ಎಷ್ಟು ಅನ್ನುವುದು; ಶಿಯರ್ ಅಂದರೆ ಅದೇ. ಅದಕ್ಕೆ ಮತ್ತೊಂದು ಸಲ ಭಾಗಿಸಬೇಕು. ಶಿಯರ್‌ನಲ್ಲೇ ವೇಗದ ವರ್ಗ ಬಂದು ಕೂತಿತು. ಎಪ್ಸಿಲಾನ್ ಅಂದರೆ 7.5 ಗುಣಿಸು ಸ್ನಿಗ್ಧತೆ (ನೀರಿನ ಅಂಟುತನ) ಗುಣಿಸು ಶಿಯರ್ ವರ್ಗದ ಸರಾಸರಿ. ವರ್ಗದ ವರ್ಗ ಅಂದರೆ ನಾಲ್ಕನೇ ಘಾತ ಅಲ್ವಾ?

ಹಡಗಿನ ಮೇಲಿಂದ ಬಿಟ್ಟ ಕೇಬಲ್ ಒಂದು ಕ್ಷಣ ಬಿಗಿಯಾಯಿತು ಅಂದುಕೊಳ್ಳಿ. ವೇಗ 0.7ರಿಂದ 0.6ಕ್ಕೆ ಬಿತ್ತು. ನೀವು 0.7 ಎಂದೇ ಹಾಕಿದಿರಿ. ಆರನ್ನು ಏಳರಿಂದ ಭಾಗಿಸಿ, ನಾಲ್ಕು ಸಲ ಗುಣಿಸಿ ನೋಡಿ: 0.54. ನಿಜವಾದ ಟರ್ಬುಲೆನ್ಸ್‌ನ ಹತ್ತಿರ ಹತ್ತಿರ ಅರ್ಧ ನಿಮ್ಮ ಗ್ರಾಫಿನಿಂದ ಮಾಯ! ವೇಗದಲ್ಲಿ ಹತ್ತು ಪರ್ಸೆಂಟ್ ಕಡಿಮೆ ಹಾಕಿದರೆ ಎಪ್ಸಿಲಾನ್ ಐವತ್ತೆರಡು ಪರ್ಸೆಂಟ್ ಜಾಸ್ತಿ. "ಸರಾಸರಿ ತೆಗೆದರೆ ಸರಿಹೋಗುತ್ತೆ" ಅನ್ನಬೇಡಿ, ದಯವಿಟ್ಟು. ನಾಲ್ಕನೇ ಘಾತದ ತಪ್ಪು ಮೇಲಕ್ಕೂ ಕೆಳಕ್ಕೂ ಸಮವಾಗಿ ಹಂಚಿಕೊಳ್ಳುವುದಿಲ್ಲ.

ಒತ್ತಡದ ಸೆನ್ಸರ್ ಪ್ರೊಫೈಲರ್ ಮೇಲೇ ಇದೆ. ಅದರ ಏರಿಕೆಯಿಂದ ವೇಗ ತೆಗೆಯಿರಿ. ಮೊದಲು ನುಣುಪು ಮಾಡಿಕೊಳ್ಳಿ, ಇಲ್ಲದಿದ್ದರೆ ನಾಯ್ಸ್ ಸುಮ್ನೆ ದೊಡ್ಡದಾಗುತ್ತದೆ.

ಸೂತ್ರದಲ್ಲಿ ಸ್ನಿಗ್ಧತೆ ಅನ್ನೋದು ಒಂದಿದೆ, ಅದನ್ನು ಯಾರೂ ಕೇಳುವುದೇ ಇಲ್ಲ. ಎಲ್ಲರೂ ಒಂದೇ ಸಂಖ್ಯೆ ಹಾಕಿ ಮುಂದೆ ಹೋಗುತ್ತಾರೆ. ಬಂಗಾಳ ಕೊಲ್ಲಿಯ ಮೇಲ್ಮೈ ಬೇಸಿಗೆಯಲ್ಲಿ 29 ಡಿಗ್ರಿ ಆಸುಪಾಸು, ಅರ್ಧ ಕಿಲೋಮೀಟರ್ ಕೆಳಗೆ ಸುಮಾರು 10. ತಣ್ಣನೆಯ ಉಪ್ಪುನೀರಿನ ಸ್ನಿಗ್ಧತೆ ಮೇಲಿನದರ ಒಂದೂವರೆ ಪಟ್ಟು. ಮೇಲಿನ ಸಂಖ್ಯೆಯನ್ನೇ ಕೆಳಗೂ ಹಾಕಿದರೆ ಮೂರನೇ ಒಂದು ಭಾಗ ಕಳೆದುಕೊಳ್ಳುತ್ತೀರಿ. ಥರ್ಮಾಮೀಟರ್ ಕೂಡ ಅದೇ ಪ್ರೊಫೈಲರ್ ಮೇಲಿದೆ. ಡೇಟಾದ ಪ್ರತಿ ತುಂಡಿಗೂ ಅಲ್ಲಲ್ಲಿನ ಉಷ್ಣತೆಗೆ ತಕ್ಕ ಸ್ನಿಗ್ಧತೆ ಹಾಕಿ.