ರೊನಾಲ್ಡೊ ಆಟ ನೋಡಲು ತೊಗರಿಯ ಪಟ್ಟಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನನ್ನ ಟ್ರಾವೆಲ್ಸ್ ಕಚೇರಿ ಇದೆ. ವರ್ಷದ ಮುಕ್ಕಾಲು ಪಾಲು ಕೆಲಸ ಉಮ್ರಾ ಯಾತ್ರಿಕರದು, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರದು, ಉಳಿದದ್ದು ಜರ್ಮನಿಗೋ ಅಮೆರಿಕಕ್ಕೋ ಓದಲು ಹೋಗುವ ಮಕ್ಕಳದು. ಫುಟ್‌ಬಾಲ್ ನೋಡಲು ವಿಮಾನ ಹತ್ತುತ್ತೇನೆ ಎಂದು 2022ರವರೆಗೆ ಒಬ್ಬರೂ ನನ್ನ ಮೇಜಿನ ಮುಂದೆ ಕೂತಿರಲಿಲ್ಲ. ಕತಾರ್ ವಿಶ್ವಕಪ್ ಬಂದ ಮೇಲೆ ಲೆಕ್ಕ ಬದಲಾಯಿತು. ದೋಹಾದಲ್ಲಿ ಅಣ್ಣನೋ ಕಾಕನ ಮಗನೋ ಇರುವ ಮನೆಗಳು ನಮ್ಮ ಓಣಿಗಳಲ್ಲಿ ಬೇಕಾದಷ್ಟಿವೆ. ಎಂಟೂ ಕ್ರೀಡಾಂಗಣಗಳು ದೋಹಾ ಮತ್ತು ಅದರ ಸುತ್ತಲೇ ಇದ್ದವು. ಪಂದ್ಯದ ಟಿಕೆಟ್ ತೋರಿಸಿ ಹಯ್ಯಾ ಕಾರ್ಡ್ ಪಡೆದರೆ ಅದೇ ವೀಸಾ. ಉಳಿಯಲು ಅಣ್ಣನ ಕೋಣೆ, ಊಟಕ್ಕೆ ಅತ್ತಿಗೆಯ ಕೈ.

ಆ ಸುಲಭವೇ ನಮ್ಮವರಿಗೆ ತಪ್ಪು ಪಾಠ ಕಲಿಸಿತು. ಟಿಕೆಟ್ ಸಿಕ್ಕರೆ ದೇಶವೇ ಬಾಗಿಲು ತೆರೆಯುತ್ತದೆ ಎಂದು ಈಗಲೂ ನಂಬಿ ಬರುತ್ತಾರೆ. 2018ರಲ್ಲಿ ರಷ್ಯಾ ಫ್ಯಾನ್ ಐಡಿ ಕೊಟ್ಟು ವೀಸಾ ಇಲ್ಲದೆ ಒಳಗೆ ಬಿಟ್ಟಿತ್ತು, 2022ರಲ್ಲಿ ಕತಾರ್ ಹಯ್ಯಾ ಕೊಟ್ಟಿತು. ಅವೆರಡೂ ಆತಿಥೇಯ ದೇಶಗಳು ತಾವಾಗಿ ಕೊಟ್ಟ ಸವಲತ್ತು. ಜರ್ಮನಿ, ಬ್ರಿಟನ್, ಅಮೆರಿಕದಲ್ಲಿ ಪಂದ್ಯದ ಟಿಕೆಟ್ ಕ್ರೀಡಾಂಗಣದ ಗೇಟನ್ನು ಮಾತ್ರ ತೆರೆಯುತ್ತದೆ. 2026ರ ವಿಶ್ವಕಪ್ಪಿಗೆ ಅಮೆರಿಕ ಮಾಡಿಕೊಟ್ಟದ್ದೆಂದರೆ ಟಿಕೆಟ್ ಇದ್ದವರಿಗೆ ವೀಸಾ ಸಂದರ್ಶನದ ದಿನಾಂಕ ಬೇಗ ಸಿಗುವ ವ್ಯವಸ್ಥೆ. ದಿನಾಂಕ ಬೇಗ ಸಿಗುತ್ತದೆ, ಅಷ್ಟೇ. ಕಿಟಕಿಯ ಆಚೆ ಕೂತ ಅಧಿಕಾರಿ ಎಂದಿನಂತೆ ಇಲ್ಲ ಎನ್ನಬಹುದು.

ಹೀಗಾಗಿ ನನ್ನ ಬಳಿ ಬಂದವರಿಗೆ ನಾನು ಮೊದಲು ಕೇಳುವುದು ಯಾವ ಪಂದ್ಯ ಎಂದಲ್ಲ, ಹಣ ಎಲ್ಲಿಂದ ಬರುತ್ತದೆ ಎಂದು. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

2024ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲ್ಲೂಕಿನ ರೈತರೊಬ್ಬರು ಮಗನೊಂದಿಗೆ ಬಂದರು. ಮಗ ಇಂಜಿನಿಯರಿಂಗ್ ಓದುತ್ತಿದ್ದ, ರೊನಾಲ್ಡೊ ಎಂದರೆ ಪ್ರಾಣ. ಯೂರೊ ಕಪ್ಪಿನ ಪೋರ್ಚುಗಲ್–ಟರ್ಕಿ ಪಂದ್ಯ, ಜೂನ್ 22, ಡಾರ್ಟ್‌ಮಂಡ್. ಅಧಿಕೃತ ಮರುಮಾರಾಟದಲ್ಲಿ ಎರಡು ಟಿಕೆಟ್ ಹಿಡಿದುಬಿಟ್ಟಿದ್ದ. ತಂದೆಯ ಬ್ಯಾಂಕ್ ಪುಸ್ತಕ ನೋಡಿದೆ. ವರ್ಷವಿಡೀ ಐದು ಸಾವಿರ, ಎಂಟು ಸಾವಿರ. ಫೆಬ್ರುವರಿಯಲ್ಲಿ ಒಮ್ಮೆಲೇ ಲಕ್ಷಗಟ್ಟಲೆ ನಗದು ಜಮೆ. ನಮಗೆ ಅದು ಏನೆಂದು ನೋಡಿದ ಕೂಡಲೇ ಗೊತ್ತು: ತೊಗರಿ ರಾಶಿ ಮುಗಿದಿದೆ, ಅಡತ್ (ಕಮಿಷನ್ ಮೇಲೆ ಬೆಳೆ ಮಾರಿಸುವ) ಅಂಗಡಿಯಲ್ಲಿ ಲೆಕ್ಕ ಆಗಿದೆ. ವೀಸಾ ಅಧಿಕಾರಿಗೆ ಅದು ಅರ್ಜಿಗೆಂದೇ ಯಾರಿಂದಲೋ ಕೈಗಡ ತಂದು ತುಂಬಿಸಿದ ಹಣದಂತೆ ಕಾಣುತ್ತದೆ. ಅವರಿಗೆ ತೊಗರಿ ವರ್ಷಕ್ಕೊಮ್ಮೆ ಬರುವ ಬೆಳೆ ಎಂದು ಯಾರು ಹೇಳಬೇಕು?

ನಾವು ಹೇಳಬೇಕು, ಕಾಗದದಲ್ಲಿ. ಎಪಿಎಂಸಿಯಲ್ಲಿ ಮಾರಿದ ಪಟ್ಟಿ ತರಿಸಿದೆ. ಎಷ್ಟು ಚೀಲ, ಯಾವ ದರ, ಹಮಾಲಿ ಎಷ್ಟು ಕಡಿತ ಎಲ್ಲವೂ ಅದರಲ್ಲಿತ್ತು. ಹಿಂದಿನ ಎರಡು ವರ್ಷದ ಪಟ್ಟಿಗಳನ್ನೂ ಅವರು ಟ್ರಂಕಿನಿಂದ ಹುಡುಕಿ ತಂದರು, ಒಂದರ ಮೇಲೆ ಚಹದ ಕಲೆ. ಪಹಣಿ ತೆಗೆಸಿದೆವು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ರಿಟರ್ನ್ಸ್ ಸಲ್ಲಿಸಿಲ್ಲ ಎಂದು ಲೆಕ್ಕಪರಿಶೋಧಕರಿಂದ ಒಂದು ಪತ್ರ ಬರೆಸಿದೆವು. ಎಲ್ಲಕ್ಕೂ ಇಂಗ್ಲಿಷ್ ಅನುವಾದ. ಮೇಲೊಂದು ಪುಟದಲ್ಲಿ ನಾನೇ ಬರೆದೆ: ಫೆಬ್ರುವರಿಯ ಈ ಜಮೆ ಈ ವರ್ಷದ ಪಟ್ಟಿಯ ಮೊತ್ತ, ಹಿಂದಿನ ವರ್ಷದ ಇದೇ ತಿಂಗಳಲ್ಲೂ ಹೀಗೆಯೇ ಇದೆ, ನೋಡಿ. ಇಷ್ಟಾದ ಮೇಲೆಯೇ ಟಿಕೆಟ್ಟಿನ ಪ್ರತಿಯನ್ನು ಅರ್ಜಿಗೆ ಸೇರಿಸಿದ್ದು. ಪ್ರಯಾಣದ ಕಾರಣ ಹೇಳಲು ಟಿಕೆಟ್ ಒಳ್ಳೆಯ ದಾಖಲೆ. ವಾಪಸ್ ಬರುತ್ತಾರೆ ಎಂದು ಹೇಳುವುದು ಪಹಣಿ.

ಜರ್ಮನಿ, ಸ್ಪೇನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45. ಶುಲ್ಕ ಈಗ 90 ಯೂರೊ. ತಿರಸ್ಕೃತವಾದರೂ ಅದು ಹೋದದ್ದೇ. ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ. ಕಲಬುರಗಿಯವರಿಗೆ ಹೈದರಾಬಾದ್ ಹತ್ತಿರವಾದರೂ ಜರ್ಮನಿಯ ಮಟ್ಟಿಗೆ ಕರ್ನಾಟಕದವರು ಬೆಂಗಳೂರಿನ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ; ರಾತ್ರಿ ರೈಲಿಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಅಮೆರಿಕದ ಸಂದರ್ಶನವನ್ನು ಹೈದರಾಬಾದಿನಲ್ಲೇ ಮುಗಿಸಬಹುದು. ಬೀದರಿನವರಿಗಂತೂ ಅದು ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ.

ಒಂದೇ ಪಂದ್ಯಾವಳಿ ಹಲವು ದೇಶಗಳಲ್ಲಿ ನಡೆದರೆ ಇನ್ನೊಂದು ಗಂಟು. 2026ರ ವಿಶ್ವಕಪ್ 48 ತಂಡ, 104 ಪಂದ್ಯ, 16 ನಗರ, ಮೂರು ದೇಶ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೊ ನಮ್ಮವರನ್ನು ಬೇರೆ ವೀಸಾ ಕೇಳದೆ ಬಿಡುತ್ತದೆ. ಕೆನಡಾ ಬಿಡುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಜಿ. 2030ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗೆ ಒಂದೇ ಷೆಂಗೆನ್ ಸಾಕು, ಜೊತೆಯ ಮೊರೊಕ್ಕೊ ಬೇರೆ. ನೆಚ್ಚಿನ ತಂಡದ ಬೆನ್ನು ಹತ್ತಿ ಊರೂರು ಸುತ್ತುತ್ತೇನೆ ಎನ್ನುವವರಿಗೆ ನನ್ನ ಸಲಹೆ ಒಂದೇ: ತಂಡವನ್ನು ಬಿಡಿ, ಊರನ್ನು ಹಿಡಿಯಿರಿ. ಒಂದು ನಗರದಲ್ಲಿ ಕೂತು ಅಲ್ಲಿಗೆ ಬರುವ ಎರಡು ಮೂರು ಪಂದ್ಯ ನೋಡಿ.

ಈ ಮಾತಿಗೆ ಕಾರಣವಿದೆ. ದೊಡ್ಡ ಪಂದ್ಯಾವಳಿಯ ಟಿಕೆಟ್‌ಗಳ ಮೊದಲ ಸುತ್ತು ಎಷ್ಟೋ ಸಲ ಯಾರು ಆಡುತ್ತಾರೆ ಎಂದು ತಿಳಿಯುವ ಮೊದಲೇ ನಡೆದುಹೋಗುತ್ತದೆ. ಯೂರೊ 2024ರ ಸಾರ್ವಜನಿಕ ಲಾಟರಿ ಅರ್ಜಿ 2023ರ ಅಕ್ಟೋಬರ್‌ನಲ್ಲಿ, ಗುಂಪುಗಳ ಡ್ರಾ ಡಿಸೆಂಬರ್ 2ರಂದು. ಅಂದರೆ ನೀವು ಕೊಂಡದ್ದು ದಿನಾಂಕ ಮತ್ತು ಊರು, ರೊನಾಲ್ಡೊನನ್ನಲ್ಲ. ನಾಕೌಟ್ ಹಂತದ ಟಿಕೆಟ್ಟಿನಲ್ಲಂತೂ ‘ಇಂಥ ಪಂದ್ಯದ ವಿಜೇತರು’ ಎಂದಷ್ಟೇ ಇರುತ್ತದೆ. ಸ್ಪೇನ್, ಇಂಗ್ಲೆಂಡಿನ ಲೀಗ್ ಪಂದ್ಯಗಳಿಗೆ ಹೋಗುವವರಿಗೆ ದಿನಾಂಕವೂ ಗಟ್ಟಿಯಲ್ಲ. ವೇಳಾಪಟ್ಟಿ ಬಂದ ಮೇಲೂ ಟಿವಿಯವರ ಅನುಕೂಲಕ್ಕೆ ಶನಿವಾರದ್ದು ಭಾನುವಾರಕ್ಕೋ ಸೋಮವಾರಕ್ಕೋ ಹೊರಳುತ್ತದೆ. ಶನಿವಾರ ರಾತ್ರಿ ಪಂದ್ಯ, ಭಾನುವಾರ ಬೆಳಿಗ್ಗೆ ವಾಪಸ್ ವಿಮಾನ ಎಂದು ನಾನೇ ಒಬ್ಬರಿಗೆ ಮಾಡಿಕೊಟ್ಟು ಬೈಸಿಕೊಂಡಿದ್ದೇನೆ. ಅಂದಿನಿಂದ ಹಿಂದೆ ಮುಂದೆ ಎರಡೆರಡು ದಿನ ಇಡುತ್ತೇನೆ. ಕೋಣೆ ರದ್ದು ಮಾಡಬಹುದಾದದ್ದೇ ಆಗಿರಬೇಕು. ವಿಮಾನದ ಹಣ ಎಲ್ಲಕ್ಕಿಂತ ಕೊನೆಗೆ, ವೀಸಾ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ತಾತ್ಕಾಲಿಕ ಕಾಯ್ದಿರಿಸುವಿಕೆಯ ಪ್ರತಿ ಸಾಕು.

ಇನ್ನು ಟಿಕೆಟ್ ಎಲ್ಲಿ ಕೊಳ್ಳಬೇಕು. ವಿಶ್ವಕಪ್ ಆದರೆ ಫಿಫಾದ ಜಾಲತಾಣ, ಯೂರೊ ಆದರೆ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯದು, ಲೀಗ್ ಆದರೆ ಕ್ಲಬ್ಬಿನ ಸದಸ್ಯತ್ವ. ನನ್ನ ಬಳಿಯೂ ಇಲ್ಲ, ದುಬೈಯಲ್ಲಿರುವ ನಿಮ್ಮ ಗೆಳೆಯನ ಗೆಳೆಯನ ಬಳಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಕತಾರ್ ಪಂದ್ಯಗಳ ವೇಳೆ ನಮ್ಮ ಊರಿನ ಇಬ್ಬರು ಅಣ್ಣತಮ್ಮಂದಿರು ಯಾರೋ ದಲ್ಲಾಳಿಗೆ ಹಣ ಕಳಿಸಿ, ಬಂದ ಪಿಡಿಎಫ್ ಅನ್ನು ಬಣ್ಣದಲ್ಲಿ ಮುದ್ರಿಸಿ, ಮದುವೆ ಪತ್ರಿಕೆಯಂತೆ ಲ್ಯಾಮಿನೇಷನ್ ಮಾಡಿಸಿ ತಂದು ತೋರಿಸಿದ್ದರು. ಆ ವಿಶ್ವಕಪ್ಪಿನ ಟಿಕೆಟ್ ಮೊಬೈಲ್ ಆ್ಯಪ್‌ನಲ್ಲಿ ಇರಬೇಕಾದದ್ದು. ನಾನು ಬಾಯಿ ಬಿಡುವ ಮೊದಲೇ ಚಿಕ್ಕವನಿಗೆ ನನ್ನ ಮುಖ ನೋಡಿಯೇ ತಿಳಿಯಿತು.

ಬೆಲೆಯಲ್ಲಿಯೂ ಕತಾರಿನ ನೆನಪು ಮೋಸ ಮಾಡುತ್ತದೆ. ಅಲ್ಲಿ ವಾಸವಿದ್ದವರಿಗೆಂದೇ ನಾಲ್ಕನೇ ದರ್ಜೆಯ ಟಿಕೆಟ್ 40 ರಿಯಾಲ್‌ಗೆ ಇತ್ತು. ಹೊರಗಿನಿಂದ ಹೋದವರಿಗೆ ಗುಂಪು ಹಂತದ ಅತಿ ಕಡಿಮೆ ದರ 250 ರಿಯಾಲ್. ‘ಅಣ್ಣ ನಲವತ್ತಕ್ಕೆ ನೋಡಿದ, ನನಗೇಕೆ ಇಷ್ಟು?’ ಎಂಬ ಜಗಳ ನನ್ನ ಮೇಜಿನ ಮುಂದೆ ಎಷ್ಟು ಸಲ ಆಗಿದೆಯೋ. 2026ಕ್ಕೆ ಫಿಫಾ ಮೊದಲು ಪ್ರಕಟಿಸಿದ ಬೆಲೆ 60 ಡಾಲರಿನಿಂದ 6,730 ಡಾಲರಿನವರೆಗೆ, ಅದೂ ಬೇಡಿಕೆಯಂತೆ ಏರಿಳಿಯುವಂಥದ್ದು. ಅಧಿಕೃತ ಮರುಮಾರಾಟದಲ್ಲಿ ಕೊಳ್ಳುವವರಿಂದ ಶೇ 15, ಮಾರುವವರಿಂದ ಶೇ 15 ಫಿಫಾ ತೆಗೆದುಕೊಳ್ಳುತ್ತದೆ. ನಮ್ಮ ಅಡತಿಯವರೇ ವಾಸಿ.

ಕಾರ್ಡಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ತೆರೆದಿಡಿ, ಸರತಿ ಬಂದಾಗ ಹುಡುಕಬೇಡಿ. ಮನೆಯಲ್ಲಿರುವುದು ರುಪೇ ಒಂದೇ ಆದರೆ ಅದನ್ನೇ ನಂಬಿ ಕೂರಬೇಡಿ. ಖಾತೆಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮ ಕಡೆ ಉಪನಾಮದ ಸಾಲು ಖಾಲಿ ಇರುವ ಪಾಸ್‌ಪೋರ್ಟ್ ಬಹಳ. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಮುಂದೆ ಎಫ್‌ಎನ್‌ಯು (‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಬಂದು, ಯಾರಪ್ಪ ಈ ಎಫ್‌ಎನ್‌ಯು ಎಂದು ಗಾಬರಿಯಾಗಿ ಫೋನ್ ಮಾಡುತ್ತಾರೆ. ಸಾಧ್ಯವಾದರೆ ಪಾಸ್‌ಪೋರ್ಟ್ ಸರಿಪಡಿಸಿಕೊಂಡೇ ಮುಂದಿನ ಕೆಲಸ. ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ನಾವು ಒಂದಿಷ್ಟು ಹಣ ಸಂಗ್ರಹಿಸಬೇಕಾಗುತ್ತದೆ. ಅದು ನನ್ನ ಜೇಬಿಗಲ್ಲ, ನಿಮ್ಮ ಪ್ಯಾನ್ ಲೆಕ್ಕಕ್ಕೆ. ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಿ.

ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿನಿಂದ ಹೊರಡುವ ಎಷ್ಟೋ ವಿಮಾನಗಳು ಬೆಳಗಿನ ಜಾವ ಮೂರು, ನಾಲ್ಕು ಗಂಟೆಯವು. 19ರ ಬೆಳಗಿನ ಮೂರು ಎಂದರೆ 18ರ ಮಧ್ಯಾಹ್ನವೇ ಕಲಬುರಗಿ ಬಿಡಬೇಕು. ಇಷ್ಟು ಸರಳ ಲೆಕ್ಕದಲ್ಲಿ ಎಡವಿದವರನ್ನು ನಾನು ಬೆರಳೆಣಿಕೆಗೆ ಮೀರಿ ಕಂಡಿದ್ದೇನೆ, ಅದರಲ್ಲಿ ಒಬ್ಬರು ಗಣಿತದ ಮೇಷ್ಟ್ರು. ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ನಗರದ ದಟ್ಟಣೆ ತಪ್ಪುತ್ತದೆ. ರೈಲಿನಲ್ಲಿ ಹೋಗುವವರು ವಾಡಿ ಬಳಿ ಗಾಡಿ ನಿಂತುಬಿಡುವ ಸಾಧ್ಯತೆಗೂ ಎರಡು ಗಂಟೆ ಇಟ್ಟುಕೊಳ್ಳಲಿ.

ಜೇವರ್ಗಿಯವರಿಗೆ ವೀಸಾ ಬಂತು. ಆಮೇಲೆ ಹೊಸ ತೊಡಕು. ಯೂರೊ ಟಿಕೆಟ್ ಇರುವುದು ಆ್ಯಪ್‌ನಲ್ಲಿ. ಕ್ರೀಡಾಂಗಣದ ಹತ್ತಿರ ಹೋದಾಗ ಬ್ಲೂಟೂತ್ ಮೂಲಕ ಕ್ಯೂಆರ್ ಕೋಡ್ ಮೂಡುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಒಬ್ಬೊಬ್ಬರ ಟಿಕೆಟ್ ಅವರವರ ಫೋನಿನಲ್ಲಿದ್ದರೆ ಒಳ್ಳೆಯದು. ತಂದೆಯ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಕಚೇರಿಯ ಹಳೆಯ ಸ್ಮಾರ್ಟ್‌ಫೋನನ್ನು ಅವರಿಗೆ ಕೊಟ್ಟು, ಚಾರ್ಜ್ ಆಗಲೆಂದು ಒಂದು ಪವರ್ ಬ್ಯಾಂಕನ್ನೂ ಕೊಟ್ಟು, ಬ್ಲೂಟೂತ್ ಚಿಹ್ನೆ ಎಲ್ಲಿದೆ ಎಂದು ನಾಲ್ಕು ಸಲ ತೋರಿಸಿದೆ. ಟಿಕೆಟ್ ಜೊತೆಗೆ ಆ ನಗರದ ಬಸ್ಸು, ರೈಲುಗಳಲ್ಲಿ 36 ಗಂಟೆ ಉಚಿತ ಓಡಾಟವೂ ಸೇರಿದೆ, ಟ್ಯಾಕ್ಸಿ ಹತ್ತಬೇಡಿ ಎಂದು ಹೇಳಿ ಕಳಿಸಿದೆ.

ಪೋರ್ಚುಗಲ್ 3–0ಯಿಂದ ಗೆದ್ದಿತು. ಆಟದ ನಡುವೆ ಒಬ್ಬೊಬ್ಬರಾಗಿ ಮೈದಾನಕ್ಕೆ ನುಗ್ಗಿ ರೊನಾಲ್ಡೊ ಜೊತೆ ಸೆಲ್ಫಿ ತೆಗೆದುಕೊಳ್ಳಲು ಓಡಿದವರನ್ನು ಟಿವಿಯಲ್ಲಿ ನಾನೂ ನೋಡಿದೆ. ಅವರಲ್ಲಿ ನಮ್ಮ ಹುಡುಗನೂ ಇದ್ದಾನೇನೋ ಎಂದು ಒಂದು ಕ್ಷಣ ಎದೆ ಹೊಡೆದುಕೊಂಡದ್ದು ನಿಜ.

ಜುಲೈನಲ್ಲಿ ಫೋನು ವಾಪಸ್ ಕೊಡಲು ತಂದೆ ಒಬ್ಬರೇ ಬಂದರು. ಅದರೊಳಗೆ ಪಂದ್ಯದ ಚಿತ್ರ ಏಳೆಂಟು, ಉಳಿದವೆಲ್ಲ ರೈಲಿನ ಕಿಟಕಿಯಿಂದ ತೆಗೆದ ಹೊಲಗಳು. ಚಹ ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘2030ರದ್ದು ಸ್ಪೇನಿನಲ್ಲಂತೆ, ಹೌದೇನ್ರಿ?’ ಎಂದರು. ಪಾಸ್‌ಪೋರ್ಟ್ ತೋರಿಸಿ ಎಂದೆ. 2029ರ ಮಾರ್ಚ್‌ಗೆ ಮುಗಿಯುತ್ತದೆ.

‘ಮೊದಲು ಇದನ್ನು ನವೀಕರಿಸಿಕೊಳ್ಳಿ ಕಾಕಾ. ತೊಗರಿಯ ಪಟ್ಟಿಗಳನ್ನು ಮಾತ್ರ ಎಸೆಯಬೇಡಿ’ ಎಂದೆ.